ಒಂದಾಳಿನ ಮುಯ್ಯಿ

ಕಾರ್ತೀಕ ಅರ್ಧ ಕಳೆದಿತ್ತು. ಹೊಣಕೆರೆ ಕಡೆಯ ಹೊಲಗಳಲ್ಲಿ ರಾಗಿ ತೆನೆ ಕಂದು ತಿರುಗಿ ಬಾಗಿತ್ತು. ನಡುನಡುವೆ ಅಕ್ಕಡಿ ಸಾಲಿನ ಅವರೆ ಮಾತ್ರ ಇನ್ನೂ ಹಸಿರಾಗಿ ಹೂ ಬಿಡುತ್ತಿತ್ತು. ಆ ಅವರೆಯ ದೆಸೆಯಿಂದಲೇ ಈ ಊರಿನ ಹೊಲಗಳಿಗೆ ಕೊಯ್ಲಿನ ಮಿಷನ್ನು ಇಳಿಯುತ್ತಿರಲಿಲ್ಲ. ಇಳಿದರೆ ರಾಗಿಯ ಜೊತೆ ಅವರೆಯೂ ಹೋಗುತ್ತದೆ. ಹಾಗಾಗಿ ಇಲ್ಲಿ ಇನ್ನೂ ಮುಯ್ಯಾಳು ಉಳಿದಿತ್ತು. ಇವತ್ತು ನಿಮ್ಮ ಹೊಲಕ್ಕೆ ನಾವು ಬಂದರೆ, ನಮ್ಮ ಸರದಿ ಬಂದ ದಿನ ನಮ್ಮ ಹೊಲಕ್ಕೆ ನೀವು.

ಅವತ್ತು ಅಣ್ಣಮ್ಮನ ಹೊಲದ ಸರದಿ. ಇಬ್ಬನಿ ಆರುವ ಮೊದಲೇ ಹೆಂಗಸರು ಸಾಲು ಹಿಡಿದು ಕೂತಿದ್ದರು. ಅಣ್ಣಮ್ಮನ ಸೊಸೆ ದಿವ್ಯ ಕೆ.ಆರ್.ಎಸ್. ಪಕ್ಕದ ಬೆಳಗೊಳದವಳು. ಭತ್ತ, ಕಬ್ಬು ಕಂಡವಳೇ ಹೊರತು ರಾಗಿ ಕೊಯ್ದವಳಲ್ಲ. ಬಿ.ಎಡ್. ಮುಗಿಸಿ ನಾಗಮಂಗಲದ ಒಂದು ಶಾಲೆಯಲ್ಲಿ ಎರಡು ವರ್ಷ ಇಂಗ್ಲಿಷ್ ಪಾಠ ಮಾಡಿದ್ದಳು. ಅವಳ ಪಕ್ಕದಲ್ಲಿ ಆಚೆ ಮನೆಯ ಮಂಚಮ್ಮನ ಸೊಸೆ ಪವಿತ್ರ ಕೂತು, ತನ್ನ ಸಾಲಿನ ಜೊತೆ ದಿವ್ಯಳ ಸಾಲನ್ನೂ ಅಷ್ಟಷ್ಟು ಕೊಯ್ದು ಹಿಡಿಹಿಡಿಯಾಗಿ ಅರಿ ಹಾಕುತ್ತಿದ್ದಳು. ಅದಕ್ಕೆ ಬದಲಾಗಿ ದಿವ್ಯ ಪಾಠ ಹೇಳಬೇಕು. ಹೀಗೆಂದು ಇಬ್ಬರೂ ಬಾಯಿಬಿಟ್ಟು ಮಾತಾಡಿಕೊಂಡಿರಲಿಲ್ಲ. ತಾನಾಗಿ ನಡೆದು ಬಂದಿತ್ತು.

ಪವಿತ್ರ ಪಿಯುಸಿ ಇಂಗ್ಲಿಷಿನಲ್ಲಿ ಫೇಲಾಗಿ ಮದುವೆಯಾದವಳು. ಮುಕ್ತ ಶಾಲೆಗೆ ಕಟ್ಟಿ ಇನ್ನೊಮ್ಮೆ ಬರೆದಾಗಲೂ ಇಂಗ್ಲಿಷೇ ಕೈ ಕೊಟ್ಟಿತ್ತು. ಊರಿನ ಅಂಗನವಾಡಿ ಟೀಚರು ಬೇಸಿಗೆಗೆ ರಿಟೈರ್ ಆಗುತ್ತಾರೆ. ಆ ಜಾಗಕ್ಕೆ ಅರ್ಜಿ ಹಾಕಬೇಕಾದರೆ ಈ ಸಲ ಪಾಸಾಗಲೇಬೇಕು. ಪರೀಕ್ಷೆ ಮುಂದಿನ ಗುರುವಾರ, ನಾಗಮಂಗಲದಲ್ಲಿ.

"ಮೆಂಟು ಅಂತ ಬಾಲ ಹತ್ಕೊಂಡ್ರೆ ಕೆಲಸ ಹೋಗಿ ಹೆಸರಾಯ್ತದೆ," ಎಂದಳು ದಿವ್ಯ. "ಪೇ ಅಂದ್ರೆ ಕೊಡೋದು, ಪೇಮೆಂಟು ಅಂದ್ರೆ ಕೊಟ್ಟಿದ್ದು. ಅಗ್ರಿ ಅಂದ್ರೆ ಒಪ್ಕೊಳ್ಳೋದು."

"ಅಗ್ರಿಮೆಂಟು," ಎಂದಳು ಮಂಚಮ್ಮ ಅತ್ತ ಸಾಲಿನಿಂದ. "ಗದ್ದೆ ಭೋಗ್ಯಕ್ಕೆ ಆಕೋವಾಗ ಬರಸ್ಕಂಡಿದ್ವಲ್ಲ."

"ನೋಡು, ನಿಮ್ಮತ್ತೆಗೇ ಬತ್ತದೆ."

"ಅಂಗಾರೆ ಸೀಮೆಂಟು?" ಎಂದು ಅಣ್ಣಮ್ಮ ಕೇಳಿದಳು.

ದಿವ್ಯ ಕುಡುಗೋಲು ನಿಲ್ಲಿಸಿ ನಕ್ಕಳು. "ಅದು ಬೇರೆ ಅತ್ತೆ. ಅದ್ರ ಬಾಲ ಕಿತ್ರೆ ಏನೂ ಉಳಿಯಾಕಿಲ್ಲ. ಬಾಲ ಕಿತ್ರೂ ದನ ನಿಂತಿರ್ಬೇಕು, ಆಗ ಅದು ಹತ್ತಿದ ಬಾಲ."

"ನೀನ್ ಕುಡುಗೋಲ್ ನಿಲ್ಸಿದ್ರೆ ನನ್ ರಾಗಿ ನಿಂತಿರ್ತದೆ. ಕುಯ್ಯವ್ವ."

ಪವಿತ್ರಳಿಗೆ ಬಾಲ ಕಷ್ಟವಿರಲಿಲ್ಲ. ಕೆಲಸಕ್ಕೆ ಗಾರ ಹತ್ತಿ ಕೆಲಸಗಾರ, ಒಕ್ಕಲಿಗೆ ತನ ಹತ್ತಿ ಒಕ್ಕಲುತನ; ಕನ್ನಡದಲ್ಲೂ ಉಂಟು. ತೊಂದರೆ ಕೊಡುತ್ತಿದ್ದುದು ಕೊಂಬು. ಇಂಗ್ಲಿಷಿನಲ್ಲಿ ಅಲ್ಲ, ಇಲ್ಲ ಅನ್ನುವುದನ್ನು ಪದದ ತಲೆಯ ಮೇಲೆ ಹೇರುತ್ತಾರೆ. ಅದೂ ಒಂದೇ ಕೊಂಬಾದರೆ ಸರಿ. ಹ್ಯಾಪಿಗೆ ಅನ್, ಪಾಸಿಬಲ್‌ಗೆ ಇಂ, ರೆಗ್ಯುಲರ್‌ಗೆ ಇರ್, ಅಗ್ರಿಗೆ ಡಿಸ್. ಹೋದ ಸಲ ಅವಳು ಎಲ್ಲಕ್ಕೂ ಅನ್ ಹಾಕಿ ಬಂದಿದ್ದಳು.

"ಯಾವುದುಕ್ಕೆ ಯಾವುದು ಅಂತ ಯೆಂಗೆ ಗೊತ್ತಾಗದು ದಿವ್ಯಕ್ಕ?"

"ಕೆಲವುಕ್ಕೆ ದಾರಿ ಅದೆ. ಪ ಮುಂದೆ ಇಂ ಸಲೀಸಾಗಿ ಬತ್ತದೆ, ರ ಮುಂದೆ ಇರ್. ಬಾಯಲ್ಲಿ ಅಂದು ನೋಡು, ಅನ್‌ಪಾಸಿಬಲ್ ಅಂದ್ರೆ ತುಟಿ ಎಡವ್ತದೆ. ಇನ್ನು ಕೆಲವುಕ್ಕೆ ದಾರೀನೂ ಇಲ್ಲ. ಪರಿಚಯ ಮಾಡ್ಕೋಬೇಕು ಅಷ್ಟೆ. ನಾನ್ ಮದುವೆಯಾಗಿ ಬಂದಾಗ ಈ ಊರಲ್ಲಿ ಯಾರನ್ನ ಅತ್ತೆ ಅನ್ಬೇಕು, ಯಾರನ್ನ ಅಕ್ಕ ಅನ್ಬೇಕು ಅಂತ ಯಾವ ಲೆಕ್ಕದಲ್ಲಿ ಕಲಿತೆ? ಒಂದ್ ಸಲ ತಪ್ಪಿ ಬೈಸ್ಕಂಡು ಕಲಿತೆ."

"ಚಲುವಯ್ಯನ್ನ ಅಣ್ಣ ಅಂದ್ಬುಟ್ಟಿದ್ಲು," ಎಂದಳು ಅಣ್ಣಮ್ಮ. "ಮಾವ ಆಗ್ಬೇಕು ಅವ್ನು."

ಹೀಗೆ ಹೊಲದಿಂದ ಹೊಲಕ್ಕೆ ಸರದಿ ಸಾಗಿತು, ಪಾಠವೂ ಸಾಗಿತು. ಮಂಚಮ್ಮನ ಹೊಲಕ್ಕೆ ಬುಧವಾರವೆಂದು ಮಾತಾಗಿತ್ತು. ಆದರೆ ಸೋಮವಾರ ಬೆಳಿಗ್ಗೆ ಕೆಳಗಲ ಬೀದಿಯ ಚಿಕ್ಕಯ್ಯಜ್ಜ ತೀರಿಕೊಂಡ. ತುಂಬು ವಯಸ್ಸಿನ ಜೀವ. ಊರಲ್ಲಿ ಹೆಣವಿರುವಾಗ ಯಾರೂ ಹೊಲಕ್ಕೆ ಕುಡುಗೋಲು ಒಯ್ಯುವುದಿಲ್ಲ. ಸೋಮವಾರದ ಕೊಯ್ಲು ಮಂಗಳವಾರಕ್ಕೆ, ಮಂಗಳವಾರದ್ದು ಬುಧವಾರಕ್ಕೆ, ಮಂಚಮ್ಮನದು ಗುರುವಾರಕ್ಕೆ ಜಾರಿತು.

ಶುಕ್ರವಾರದ ಸರದಿ ಚಲುವಯ್ಯನದು. ಅದಲುಬದಲು ಮಾಡೋಣವೆಂದರೆ ಗುರುವಾರ ಅವನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಸರದಿ ಬಿಟ್ಟರೆ ಎಲ್ಲರದೂ ಮುಗಿದ ಮೇಲೆಯೇ. ಅಷ್ಟರಲ್ಲಿ ತೆನೆ ಒಣಗಿ ಮುರಿದು ಉದುರುತ್ತದೆ, ಜೊತೆಗೆ ಹಂದಿ ಕಾಟ.

"ನೀನೋಗು, ನಾನ್ ಹೊಲದಲ್ಲಿರ್ತೀನಿ," ಎಂದ ಪವಿತ್ರಳ ಗಂಡ ಪುಟ್ಟರಾಜು. ಅವನು ಎಳನೀರು ಸಾಗಿಸುವ ಟೆಂಪೋ ಓಡಿಸುತ್ತಿದ್ದ.

"ನೀನಿದ್ದು ಹೊರೆ ಹೊರ್ಬೋದು ಕಣ್ಲಾ," ಎಂದಳು ಮಂಚಮ್ಮ. "ಮೊದಲ್ನೆ ಸಾಲು ಯಾರ್ ಹಿಡಿಯೋರು? ನಾನು ಬಂದೋರ್ಗೆ ಮುದ್ದೆ ಬೇಯಿಸ್ಬೇಕು. ಮುಯ್ಯಾಳು ಕರ್ದು ಮನೆ ಹೆಣ್ಣೇ ಇಲ್ದಿದ್ರೆ ನಮ್ನೇನ್ ಕೂಲಿಗೆ ಕರದವ್ರಾ ಅನ್ನಾಕಿಲ್ವಾ?"

ಮೊದಲ ಸಾಲು ಹೊಲದ ಮನೆಯವರದು. ಆ ಸಾಲನ್ನು ದಾಟಿ ಯಾರೂ ಮುಂದೆ ಕೊಯ್ಯುವಂತಿಲ್ಲ. ಅದು ಪವಿತ್ರಳಿಗೂ ಗೊತ್ತು. ಅವಳು ಹಸುವಿಗೆ ಹುಲ್ಲು ಹಾಕಲು ಹಿತ್ತಲಿಗೆ ಹೋದಳು. ಮಂಚಮ್ಮ ಅವಳು ಹೋದ ಬಾಗಿಲನ್ನೇ ಸ್ವಲ್ಪ ಹೊತ್ತು ನೋಡಿ, ಸೆರಗು ಕೊಡವಿ ಎದ್ದು ಅಣ್ಣಮ್ಮನ ಮನೆಗೆ ಹೋದಳು.

ಅಣ್ಣಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಮಂಚಮ್ಮ ವಿಷಯವನ್ನು ಸುತ್ತಿ ಬಳಸಿ ಹೇಳಿ ಮುಗಿಸುವಷ್ಟರಲ್ಲಿ ಒಳಗಿದ್ದ ದಿವ್ಯ ಬಾಗಿಲಿಗೆ ಬಂದು ನಿಂತಳು.

"ಮೊದಲ್ನೆ ಸಾಲು ನಾನ್ ಹಿಡೀತೀನಿ. ಗುರುವಾರ ಒಂದಿನ ನಾನೇ ನಿಮ್ಮನೆ ಸೊಸೆ ಅಂದ್ಕೊಳ್ಳಿ."

"ನೀನಾ?" ಎಂದಳು ಅಣ್ಣಮ್ಮ. "ನಿನ್ ಹಿಂದೆ ಕೂತ್ರೆ ನಾವು ಶಿವರಾತ್ರಿಗೆ ಮನೆ ಸೇರ್ತೀವಿ."

"ಸೇರ್ಕೊಳ್ಳಿ."

ಅಣ್ಣಮ್ಮ ಸೊಸೆಯ ಮುಖವನ್ನೂ ಮಂಚಮ್ಮನ ಮುಖವನ್ನೂ ನೋಡಿ, ಕೈಯಲ್ಲಿದ್ದ ಕಾಯನ್ನು ಚಿವುಟಿದಳು. "ಆಗ್ಲಿ ಬುಡು. ಆ ಮಗಾನೂ ಎಷ್ಟ್ ಸಲ ಬರದೀತು. ಓಗಿ ಬರ್ಕೊಂಡು ಬರ್ಲಿ."

ಗುರುವಾರ ಪವಿತ್ರ ಮೊದಲ ಬಸ್ಸಿಗೆ ಹೋದಳು. ಪರೀಕ್ಷೆಯ ಕೋಣೆಯಲ್ಲಿ ಪ್ರಶ್ನೆಪತ್ರಿಕೆ ತಿರುವಿದಾಗ ಪದಗಳ ಭಾಗ ಕೊನೆಯ ಹಾಳೆಯಲ್ಲಿತ್ತು. ಅವಳು ಅದನ್ನೇ ಮೊದಲು ಬರೆದಳು. ಕೈಂಡ್ ಇದ್ದುದು ಕೈಂಡ್‌ನೆಸ್ ಆಯಿತು, ಹೆಲ್ಪ್‌ಗೆ ಲೆಸ್ ಹತ್ತಿತು. ಪೇಷಂಟ್ ಎಂಬಲ್ಲಿ ಪೆನ್ನು ನಿಂತಿತು. ಅವಳು ತುಟಿ ಅಲ್ಲಾಡಿಸಿ ಎರಡನ್ನೂ ಅಂದು ನೋಡಿ, ಇಂ ಎಂದು ಬರೆದಳು. ಹಾನೆಸ್ಟ್‌ಗೆ ಬಂದಾಗ ಅಂದು ನೋಡಿದರೂ ಗೊತ್ತಾಗಲಿಲ್ಲ. ದಿವ್ಯ ಇದನ್ನು ಅಣ್ಣಮ್ಮನ ಹೊಲದ ಬದುವಿನ ಮೇಲೆ ಕೂತು ಮಜ್ಜಿಗೆ ಕುಡಿಯುತ್ತ ಹೇಳಿದ್ದು ನೆನಪಾಯಿತು: ಅಗ್ರಿಯ ಮನೆಯವರೇ ಇವರೂ. ಡಿಸ್ ಹಾಕಿ ಮುಂದಕ್ಕೆ ಹೋದಳು.

ಹಿಂದಿರುಗುವ ಬಸ್ಸು ತಡವಾಯಿತು. ಊರ ಗೇಟಿನಲ್ಲಿ ಇಳಿದವಳು ಮನೆಗೆ ಹೋಗದೆ ನೇರ ಹೊಲಕ್ಕೆ ನಡೆದಳು. ದೂರದಿಂದಲೇ ಕಂಡಿತು: ಹೊಲದ ಮೂರರಲ್ಲಿ ಒಂದು ಪಾಲು ಇನ್ನೂ ನಿಂತೇ ಇತ್ತು. ಹೆಂಗಸರ ಸಾಲು ಓರೆಯಾಗಿತ್ತು. ಮುಂದೆ ದಿವ್ಯ, ಅವಳ ಹಿಂದೆ ಕೈ ಚುರುಕಾದವರೆಲ್ಲ ಕುಡುಗೋಲು ಮಡಿಲಲ್ಲಿಟ್ಟುಕೊಂಡು ಎಲೆಯಡಿಕೆ ಹಾಕುತ್ತ ಅವಳು ಒಂದು ಮಾರು ಮುಂದೆ ಹೋಗುವುದನ್ನೇ ಕಾಯುತ್ತಿದ್ದರು.

"ಬಂದ್ಲು ನಿಮ್ ಮೇಡಮ್ಮು," ಎಂದಳು ಅಣ್ಣಮ್ಮ. "ಬೆಳಗ್ಗಿಂದ ಕೂತು ಕೂತು ನನ್ ಸೊಂಟ ಇಡ್ಕಂಡದೆ. ಇಷ್ಟು ಪುರ್ಸೊತ್ತಲ್ಲಿ ನಾನ್ ಯಾವ್ ಕಾಲ್ದಲ್ಲೂ ರಾಗಿ ಕುಯ್ದಿಲ್ಲ."

"ದಾಟಿ ಹೋಗ್ಬೋದಿತ್ತಲ್ಲ ಅಣ್ಣಮ್ಮತ್ತೆ," ಎಂದಳು ಪವಿತ್ರ.

"ಯೆಂಗೋಗದು? ಮನೆ ಸಾಲು ಅದು."

ದಿವ್ಯಳ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಪವಿತ್ರ ಅವಳ ಕೈಯಿಂದ ಕುಡುಗೋಲು ತೆಗೆದುಕೊಂಡು, ಪರೀಕ್ಷೆಗೆ ಉಟ್ಟಿದ್ದ ಸೀರೆಯ ನೆರಿಗೆ ಎತ್ತಿ ಕಟ್ಟಿ ಮೊದಲ ಸಾಲಿನಲ್ಲಿ ಕೂತಳು. ಹಿಂದಿದ್ದವರೆಲ್ಲ ಎಲೆಯಡಿಕೆ ಉಗಿದು ಎದ್ದರು. ಬೆಳಗಿನಿಂದ ತಡೆದಿದ್ದ ಕೈಗಳು ಒಮ್ಮೆಗೇ ಓಡಿದವು. ಹೊತ್ತು ಮುಳುಗುವುದರೊಳಗೆ ಹೊಲದಲ್ಲಿ ಅವರೆ ಸಾಲಷ್ಟೇ ಉಳಿಯಿತು. ದಿವ್ಯ ಬದುವಿನ ಮೇಲೆ ಜೊತೆಜೊತೆಗೆ ಸರಿಯುತ್ತ ಒಂದೊಂದೇ ಪ್ರಶ್ನೆ ಕೇಳಿದಳು, ಪವಿತ್ರ ಕೊಯ್ಯುತ್ತಲೇ ಉತ್ತರ ಹೇಳಿದಳು. "ಆಯ್ತದೆ ಬುಡು," ಎಂದಳು ದಿವ್ಯ ಕೊನೆಗೆ.

ಆಯಿತು. ಫಲಿತಾಂಶ ಬಂದದ್ದು ಸಂಕ್ರಾಂತಿ ಹತ್ತಿರ, ಮೆದೆ ಬಿಚ್ಚಿ ರಾಗಿ ಬಡಿಯುವ ಕಾಲಕ್ಕೆ. ಪುಟ್ಟರಾಜು ಟೆಂಪೋ ನಿಲ್ಲಿಸಿ ಫೋನಿನಲ್ಲಿ ನೋಡಿ, ಅಂಗಳದಿಂದಲೇ "ಪಾಸು ಕಣೆ" ಎಂದ. ಪವಿತ್ರ ಅವನ ಕೈಯಿಂದ ಫೋನು ತೆಗೆದುಕೊಂಡು ತಾನೇ ಒಮ್ಮೆ ನೋಡಿದಳು.

ಮಂಚಮ್ಮನಿಗೆ ಬೇರೊಂದು ಚಿಂತೆ ಇತ್ತು. ಅಣ್ಣಮ್ಮನ ಮನೆಯಿಂದ ಬರಬೇಕಾದಷ್ಟು ಆಳು ಬಂದಿದ್ದರು. ಅದರ ಮೇಲೆ ದಿವ್ಯ ಪವಿತ್ರಳ ಬದಲಿಗೆ ತಮ್ಮ ಮನೆಯವಳಾಗಿ ನಿಂತದ್ದು ಅವಳ ಲೆಕ್ಕದಲ್ಲಿ ಒಂದಾಳು ಹೆಚ್ಚು. ಅದು ತೀರಿರಲಿಲ್ಲ. ಅಣ್ಣಮ್ಮನ ಕಣದಲ್ಲಿ ಬಡಿಯುವ ದಿನ ಅವಳು ಸೊಸೆಯನ್ನು ಕರೆದುಕೊಂಡು, ಮೊರ ಹಿಡಿದು ಹೋದಳು. ಕಣದಲ್ಲಿ ಟ್ರಾಕ್ಟರಿಗೆ ಸಿಕ್ಕಿಸಿದ ಒಕ್ಕಣೆ ಮಿಷನ್ನು ಆಗಲೇ ಧೂಳೆಬ್ಬಿಸಿ ನಿಂತಿತ್ತು. ರಾಗಿ ಚೀಲ ಸೇರುತ್ತಿತ್ತು.

"ಇವತ್ಯಾಕ್ ಬಂದೆ ಮಂಚಿ?" ಎಂದಳು ಅಣ್ಣಮ್ಮ ಮಿಷನ್ನಿನ ಸದ್ದಿನ ಮೇಲೆ. "ಇಲ್ ಆಳ್ ಯಾಕೆ? ಕುಂತ್ಕೊ, ಕಾಫಿ ಕುಡಿ."

"ಮುಯ್ಯಿ ಉಳ್ಕಂಡದಲ್ಲ ಅಣ್ಣಕ್ಕ. ತೀರಿಸ್ಬೇಕಲ್ಲ."

"ಮುಂದಿನ್ ಕಾರ್ತೀಕಕ್ಕೆ ನೋಡವ."

"ಅಲ್ಲೀಗಂಟ ಹೊತ್ಕೊಂಡು ತಿರಗ್ಲಾ ನಾನು?"

"ತಿರಗು. ಏನ್ ಭಾರಾನಾ ಅದು?"

ದಿವ್ಯ ಲೋಟಗಳನ್ನು ತಂದಿಟ್ಟಳು. ಮಂಚಮ್ಮ ಮೊರವನ್ನು ಗೋಡೆಗೆ ಒರಗಿಸಿ, ಇನ್ನೂ ಗೊಣಗುತ್ತಲೇ ಕೂತು ಕಾಫಿ ಕುಡಿದಳು. ಆ ಒಂದಾಳು ಆ ವರ್ಷ ಹಾಗೆಯೇ ಉಳಿಯಿತು.