ಮೇಷ್ಟ್ರ ನರಹುಲಿ

ಇಂಜೆಕ್ಷನ್ ಎಂದರೆ ಮಾರು ದೂರ ಓಡುವ ಮೇಷ್ಟ್ರು ತಾವಾಗಿಯೇ ಚರ್ಮದ ಡಾಕ್ಟರ ಹತ್ತಿರ ಹೊರಟಾಗ ಹೆಂಡತಿಗೆ ನಂಬಿಕೆಯೇ ಬರಲಿಲ್ಲ. ಕಣ್ಣಾರೆ ನೋಡಿಯೇ ತೀರಬೇಕೆಂದು ಜೊತೆಗೆ ಬಂದಳು.

ಮೇಷ್ಟ್ರ ದವಡೆಯ ಕೆಳಗೆ ಮೂರು ನರಹುಲಿ ಮೆತ್ತಗೆ ಜೋತುಬಿದ್ದಿದ್ದವು. ಡಾಕ್ಟರಮ್ಮ ಲೈಟು ಹಿಡಿದು ನೋಡಿದರು.

"ಇವುಗಳಿಂದ ಏನೂ ತೊಂದರೆ ಇಲ್ಲ. ಇಷ್ಟು ವರ್ಷ ಸಾಕ್ಕೊಂಡವರು ಈಗ್ಯಾಕೆ ತೆಗೆಸ್ತೀರಿ?"

"ನಮ್ಮ ಕ್ಷೌರದವನಿಗೆ ಅಡ್ಡ ಬರ್ತವೆ."

"ಹಾಗಾದ್ರೆ ಬೇರೆ ಅಂಗಡಿಗೆ ಹೋಗಿ."

"ಅದೊಂದು ಮಾತ್ರ ಹೇಳ್ಬೇಡಿ ಡಾಕ್ಟ್ರೇ."

ಮದುವೆಯ ದಿನ ಮೇಷ್ಟ್ರ ಗಡ್ಡ ಹೆರೆದವನೂ ಅವನೇ. ಹೋದ ತಿಂಗಳು ಅವನ ಕತ್ತಿ ನರಹುಲಿಗೆ ತಾಗಿ ರಕ್ತ ಬಂತು. ಮುದುಕ ಟವೆಲ್ ಒತ್ತಿ ಹಿಡಿದು, "ಕೈ ನಡುಗ್ತಿದೆ ಮೇಷ್ಟ್ರೇ. ಇನ್ನು ನಿಮ್ಮ ಗಡ್ಡ ಮುಟ್ಟಲ್ಲ, ಅಂಗಡಿಯನ್ನೂ ಮುಚ್ಚಿಬಿಡ್ತೀನಿ" ಎಂದಿದ್ದ. ಸುಖದುಃಖ ಹೇಳಿಕೊಳ್ಳಲು ಮೇಷ್ಟ್ರಿಗಿದ್ದದ್ದು ಆ ಕುರ್ಚಿ ಒಂದೇ. ತಪ್ಪು ಕೈಯದಲ್ಲ, ನರಹುಲಿಯದು ಎಂದು ಅವರು ತೀರ್ಮಾನಿಸಿಬಿಟ್ಟರು.

ಡಾಕ್ಟರಮ್ಮ ಹೊಗೆಯಾಡುವ ಫ್ಲಾಸ್ಕಿನೊಳಗಿನ, ಮಂಜಿಗಿಂತ ತಣ್ಣನೆಯ ದ್ರವದಲ್ಲಿ ಹತ್ತಿಯ ಕಡ್ಡಿ ಅದ್ದಿ ಒತ್ತಿದರು. ನರಹುಲಿ ಬೆಳ್ಳಗಾಯಿತು. ಬೆಂಕಿ ತಾಗಿದ ಹಾಗೆ ಚುರ್ ಎಂದಿತು. ಮೇಷ್ಟ್ರು ಹೆಂಡತಿಯ ಕೈ ಹಿಂಡಿ ಹಿಪ್ಪೆ ಮಾಡಿದರು.

"ಹೆರುವಾಗ ನಾನೇ ಇಷ್ಟು ಒದ್ದಾಡಿರಲಿಲ್ಲ" ಎಂದಳು ಅವಳು. ಕೈಯನ್ನು ಮಾತ್ರ ಬಿಡಿಸಿಕೊಳ್ಳಲಿಲ್ಲ.

ನರಹುಲಿಗಳು ಕಪ್ಪಾಗಿ, ಒಣಗಿ, ಒಂದೊಂದಾಗಿ ಉದುರಿದವು. ಚರ್ಮ ಪೂರ್ತಿ ಮಾಯುವ ತನಕ ತಡೆದಿದ್ದ ಮೇಷ್ಟ್ರು, ಒಂದು ಬೆಳಿಗ್ಗೆ ಪೊದೆಯಂಥ ಗಡ್ಡ ಹೊತ್ತು, ಇನ್ನೂ ಮುಚ್ಚಿರದ ಮುದುಕನ ಅಂಗಡಿಗೆ ಹೋಗಿ ಯಾರೂ ಕರೆಯದೆಯೇ ಕುರ್ಚಿಯಲ್ಲಿ ಕೂತರು.

"ಮುಟ್ಟಿ ನೋಡು. ಅಡ್ಡ ಬರ್ತಿದ್ದದ್ದೆಲ್ಲ ಹೋಯ್ತು."

ಮುದುಕ ಗಡ್ಡದೊಳಗೆ ಹೆಬ್ಬೆರಳಾಡಿಸಿ ನೋಡಿದ.

"ನನಗೋಸ್ಕರ ಸುಡಿಸ್ಕೊಂಡ್ರಾ?"

"ಸುಡಿಸಿದ್ದಲ್ಲ, ಹೆಪ್ಪುಗಟ್ಟಿಸಿದ್ದು" ಎಂದು ಮೇಷ್ಟ್ರು ತಿದ್ದಿದರು. "ಸೋಪು ಹಚ್ಚು."

ಮುದುಕ ಕಣ್ಣೊರೆಸಿಕೊಂಡು ಬ್ರಷ್ ಎತ್ತಿಕೊಂಡ. ಕೈ ನಡುಗುತ್ತಲೇ ಇತ್ತು. ಮೇಷ್ಟ್ರು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಮಿಸುಕದೆ ಕೂತರು. ಒಂದು ತೊಟ್ಟು ರಕ್ತವೂ ಬರಲಿಲ್ಲ.

ಮನೆಯಲ್ಲಿ ಹೆಂಡತಿ ಅವರ ಗಲ್ಲ ಎತ್ತಿ ನೋಡಿದಳು. ಕೆನ್ನೆಯೆಲ್ಲ ನುಣ್ಣಗಿತ್ತು. ನರಹುಲಿಗಳಿದ್ದ ಜಾಗದಲ್ಲಿ ಮಾತ್ರ ಮೂರು ಪುಟ್ಟ ಕೂದಲ ಕುಚ್ಚು ಉಳಿದಿದ್ದವು. ಇಲ್ಲದ ನರಹುಲಿಗೆ ನೋವಾಗದ ಹಾಗೆ ಕತ್ತಿ ಸುತ್ತು ಹಾಕಿಕೊಂಡು ಹೋಗಿತ್ತು.

ಅವಳು ಕತ್ತರಿಗೆ ಕೈ ಹಾಕಿದಳು. ಮೇಷ್ಟ್ರು ಗಲ್ಲ ಮುಚ್ಚಿಕೊಂಡರು.

"ಇರಲಿ ಬಿಡೇ. ಮುಂದಿನ ವಾರ ಅವನೇ ತೆಗೀತಾನೆ."