ಬುಧವಾರದ ಸೈರನ್

ರಸ್ತೆ ಬದಿಯಲ್ಲಿ ಚಾರಿತ್ರಿಕ ಜಾಗ ತೋರಿಸುವ ಕಂದು ಬಣ್ಣದ ಫಲಕ ಕಂಡರೆ ಸಾಕು, ನನ್ನ ಗಂಡ ವೆಂಡೆಲ್‌ನ ಕಾರು ತಾನಾಗಿ ಆ ಕಡೆ ತಿರುಗುತ್ತದೆ. ದೇಶದ ಅಧ್ಯಕ್ಷರು ಹುಟ್ಟಿದ ಮನೆ, ಸತ್ತ ಮನೆ, ಒಂದು ರಾತ್ರಿ ಮಲಗಿ ಎದ್ದುಹೋದ ಹೋಟೆಲು, ಯಾವುದಾದರೂ ಆದೀತು. ಬೇರೆಯವರು ರಜೆಯಲ್ಲಿ ಮಕ್ಕಳನ್ನು ಸಮುದ್ರಕ್ಕೆ ಕರೆದೊಯ್ಯುತ್ತಾರೆ. ನಾವು ಇಂಡಿಯಾನಾದಿಂದ ನೆಬ್ರಾಸ್ಕಾದ ಅಜ್ಜಿ ಮನೆ ತಲುಪುವಷ್ಟರಲ್ಲಿ ಹತ್ತಾರು ಸಮಾಧಿಗಳಿಗೆ ನಮಸ್ಕಾರ ಹಾಕಿರುತ್ತೇವೆ.

ವೆಂಡೆಲ್ ಹಲ್ಲಿನ ಡಾಕ್ಟರು. ದಿನವಿಡೀ ಅವನ ಮುಂದೆ ಜನ ಬಾಯಿ ತೆರೆದು ಕೂತಿರುತ್ತಾರೆ, ತಿರುಗಿ ಮಾತಾಡುವಂತಿಲ್ಲ. ಆ ಅಭ್ಯಾಸವನ್ನು ಅವನು ಮನೆಗೂ ತಂದಿದ್ದಾನೆ. ನಾನಾಗಲಿ ಮಕ್ಕಳಾಗಲಿ ಏನಾದರೂ ಅನುಮಾನ ತೆಗೆದರೆ "ನಾನು ಹೇಳ್ತಿದೀನಲ್ಲ" ಅನ್ನುತ್ತಾನೆ. ಅಲ್ಲಿಗೆ ಮಾತು ಮುಗಿಯಿತು. ಮಕ್ಕಳು ಅದನ್ನು ನಂಬಿಯೇ ಬೆಳೆದವರು. ಕೋಪ ಬಂದರೂ ನನಗೂ ಎಷ್ಟೋ ಸಲ ಆ ಮಾತಿನಿಂದ ಧೈರ್ಯ ಬಂದದ್ದುಂಟು, ಅದನ್ನೂ ಹೇಳಬೇಕು.

ಆ ಜೂನ್ ಬುಧವಾರ ನಾವು ನಿಂತದ್ದು ಹಾರ್ಲನ್ ಕ್ರಾಸಿಂಗ್ ಎಂಬ ಊರಿನಲ್ಲಿ. ಅಲ್ಲಿ ಹುಟ್ಟಿದ ಅಧ್ಯಕ್ಷರ ಹೆಸರು ಹೇಳಿದರೆ ನೀವು "ಯಾರದು?" ಅಂತೀರಿ, ಅದಕ್ಕೇ ಹೇಳುವುದಿಲ್ಲ. ಎಂಟು ವರ್ಷದ ಗ್ರೆಟಾ ಹಿಂದಿನ ಸೀಟಿನಲ್ಲಿ ಅಧ್ಯಕ್ಷರ ಹೆಸರುಗಳನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದಳು. ಐದು ವರ್ಷದ ಓಟಿಸ್ ಪ್ರತಿ ಹೆಸರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದ.

"ಇವ್ನು ಹೇಗೆ ಸತ್ತ?"

"ಜ್ವರ."

"ಇವ್ನು?"

"ಗುಂಡೇಟು. ಸಾಕು ಮಾಡೋ, ತಲೆ ತಿನ್ಬೇಡ," ಎಂದಳು ಗ್ರೆಟಾ.

ಕಾರಿನ ಬಾಗಿಲು ತೆಗೆದಾಗ ಹೊರಗೆ ಗಾಳಿಯೇ ಇರಲಿಲ್ಲ. ಸುತ್ತ ಮೊಣಕಾಲೆತ್ತರದ ಮುಸುಕಿನ ಜೋಳ, ಒಂದು ಎಲೆಯೂ ಅಲುಗುತ್ತಿಲ್ಲ. ಎದುರಿನ ಹುಲ್ಲುಗಾವಲಿನ ದನಗಳೆಲ್ಲ ಬೇಲಿಯ ಒಂದೇ ಮೂಲೆಗೆ ಹೋಗಿ ಒತ್ತಾಗಿ ನಿಂತಿದ್ದವು. ಪಶ್ಚಿಮದಲ್ಲಿ ಆಕಾಶ ಕಪ್ಪಾಗಿರಲಿಲ್ಲ, ಹಳೆಯ ಪೆಟ್ಟಿನ ಗುರುತಿನ ಹಾಗೆ ಹಸಿರು ಹಳದಿಯಾಗಿತ್ತು. ನನಗೆ ಅದು ಸರಿಬರಲಿಲ್ಲ.

"ವೆಂಡೆಲ್, ನಡಿ ಹೋಗೋಣ. ಆಕಾಶ ನೋಡು."

"ರೇಡಿಯೊದಲ್ಲಿ ಸಾಯಂಕಾಲಕ್ಕೆ ಮಳೆ ಅಂದಿದಾರೆ ಕೋರಾ. ಅಷ್ಟೊತ್ತಿಗೆ ನಾವು ಅಮ್ಮನ ಮನೇಲಿ ಊಟ ಮಾಡ್ತಿರ್ತೀವಿ. ನಾನು ಹೇಳ್ತಿದೀನಲ್ಲ."

ಬಾಗಿಲಲ್ಲಿ ಮನೆ ತೋರಿಸುವ ಶ್ರೀಮತಿ ಕ್ವಿಂಬಿ ನಿಂತಿದ್ದರು. ಅಧ್ಯಕ್ಷರ ತಾಯಿಯ ಕಾಲದ ಉದ್ದನೆಯ ಲಂಗ, ತಲೆಗೆ ಬಿಳಿಯ ಟೋಪಿ, ಕಿವಿಯಲ್ಲಿ ಮಾತ್ರ ಈ ಕಾಲದ ಕೇಳುವ ಯಂತ್ರ. ಆ ದಿನ ನಮ್ಮನ್ನು ಬಿಟ್ಟರೆ ಬೇರೆ ಯಾರೂ ಬಂದಿರಲಿಲ್ಲ. ಅವರು ಒಂದು ಬೆತ್ತದ ಬುಟ್ಟಿ ಮುಂದೆ ಹಿಡಿದರು.

"ಫೋನೆಲ್ಲ ಇದಕ್ಕೆ ಹಾಕ್ಬಿಡಿ. ನಂದೂ ಇದ್ರಲ್ಲೇ ಇದೆ. ಆ ಕಾಲದಲ್ಲಿ ಇಲ್ಲದ್ದು ಒಳಗೆ ಬರೋ ಹಾಗಿಲ್ಲ."

"ಹಾಗಿದ್ರೆ ಗ್ರೆಟಾನೂ ಬರೋ ಹಾಗಿಲ್ಲ," ಎಂದ ಓಟಿಸ್. ಮುದುಕಿ ನಕ್ಕು ಬುಟ್ಟಿಯನ್ನು ಮುಂಬಾಗಿಲ ಕೋಣೆಯಲ್ಲಿಟ್ಟು ಒಳಗಿನ ದಪ್ಪ ಬಾಗಿಲು ಹಾಕಿದರು.

ಒಳಗೆ ಎಲ್ಲ ಕಿಟಕಿಗೂ ಪರದೆ ಎಳೆದಿತ್ತು. ಬಿಸಿಲು ಬಿದ್ದರೆ ಹಳೆಯ ಗೋಡೆ ಕಾಗದ ಬಣ್ಣ ಬಿಡುತ್ತದಂತೆ. ಹಾಗಾಗಿ ಆ ಮನೆಯೊಳಗೆ ಹೊರಗಿನದ್ದು ಏನೂ ಕಾಣುತ್ತಿರಲಿಲ್ಲ, ಏನೂ ಸರಿಯಾಗಿ ಕೇಳುತ್ತಲೂ ಇರಲಿಲ್ಲ. ಪ್ರತಿ ಕೋಣೆಯ ಬಾಗಿಲಿಗೂ ಅಡ್ಡಲಾಗಿ ಒಂದು ಕೆಂಪು ಹಗ್ಗ. ತೊಟ್ಟಿಲಿದ್ದ ಕೋಣೆಯಲ್ಲಿ ಓಟಿಸ್ ಆ ಹಗ್ಗದ ಕೆಳಗೆ ನುಸುಳಲು ನೋಡಿದ. ವೆಂಡೆಲ್ ಅವನ ತೋಳು ಹಿಡಿದು ಎಳೆದುಕೊಂಡ.

"ಹಗ್ಗ ದಾಟಬಾರ್ದು ಅಂದ್ರೆ ದಾಟಬಾರ್ದು. ಇನ್ನೊಂದ್ಸಲ ದಾಟಿದ್ರೆ ಕಾರಲ್ಲಿ ಒಬ್ನೇ ಕೂತಿರ್ತೀಯ. ಗೊತ್ತಾಯ್ತಾ?"

ಓಟಿಸ್ ಬಂದು ನನ್ನ ಕೈ ಹಿಡಿದುಕೊಂಡ. ಅಡುಗೆಮನೆಯಲ್ಲಿ ಒಲೆಯ ಪಕ್ಕದಿಂದ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲಿತ್ತು, ಅದಕ್ಕೂ ಒಂದು ಹಗ್ಗ. ಕೆಳಗೆ ಕತ್ತಲು, ಮಣ್ಣಿನ ವಾಸನೆ.

"ಅಲ್ಲಿ ಏನಿದೆ?" ಎಂದು ಕೇಳಿದಳು ಗ್ರೆಟಾ.

"ಆಲೂಗಡ್ಡೆ ಇಡ್ತಿದ್ರು ಮರಿ. ಗಾಳಿ ಎದ್ದಾಗ ಮಕ್ಕಳನ್ನೂ ಇಡ್ತಿದ್ರು," ಎಂದರು ಶ್ರೀಮತಿ ಕ್ವಿಂಬಿ.

ಆಗಲೇ ಸೈರನ್ ಕೂಗಿದ್ದು. ದೂರದ ಊರೊಳಗಿನಿಂದ ಮೆಲ್ಲನೆ ಏರಿ, ಅಲ್ಲೇ ನಿಂತು, ಮತ್ತೆ ಇಳಿಯುವ ಸದ್ದು. ಬಯಲು ಸೀಮೆಯಲ್ಲಿ ಬೆಳೆದವರಿಗೆ ಅದೇನೂ ಹೊಸದಲ್ಲ. ಸುಂಟರಗಾಳಿ ಬಂದಾಗ ಕೂಗಬೇಕಾದ ಸೈರನ್ ಕೆಟ್ಟಿಲ್ಲ ತಾನೇ ಎಂದು ನೋಡಲು ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಅದನ್ನು ಕೂಗಿಸುತ್ತಾರೆ. ನಮ್ಮೂರಲ್ಲಿ ಅದು ಕೂಗಿದಾಗ ನಾಯಿಯೂ ಕಿವಿ ಎತ್ತುವುದಿಲ್ಲ. ಜನ ಗಡಿಯಾರ ಸರಿಮಾಡಿಕೊಂಡು ಊಟಕ್ಕೆ ಏಳುತ್ತಾರೆ.

ಓಟಿಸ್ ಅಪ್ಪನ ಪ್ಯಾಂಟು ಜಗ್ಗಿದ. "ಅಪ್ಪಾ, ಸೈರನ್. ಕೆಳಗೆ ಹೋಗ್ಬೇಕು. ಮಿಸ್ ಡೋರ್ಸಿ ಹೇಳಿದಾರೆ."

ಮಿಸ್ ಡೋರ್ಸಿ ಅವನ ಶಿಶುವಿಹಾರದ ಟೀಚರ್.

"ಇವತ್ತು ಬುಧವಾರ ಪುಟ್ಟ. ಇದು ಟೆಸ್ಟು."

"ಇಲ್ಲೂ ಬುಧವಾರವೇ," ಎಂದರು ಶ್ರೀಮತಿ ಕ್ವಿಂಬಿ, ಗೋಡೆ ಗಡಿಯಾರ ನೋಡುತ್ತಾ. "ಸರಿಯಾಗಿ ಹನ್ನೆರಡು. ಬನ್ನಿ, ಮಹಡಿ ನೋಡೋಣ."

"ಟೆಸ್ಟು ಅಂತ ಯಾರು ಹೇಳಿದ್ರು?" ಓಟಿಸ್ ಬಿಡಲಿಲ್ಲ.

"ನಾನು ಹೇಳ್ತಿದೀನಲ್ಲ."

ನಾನೂ ಅದನ್ನೇ ನಂಬಿದೆ. ಹೊರಗಿನ ಆ ಬಣ್ಣ ಕಣ್ಣಲ್ಲಿ ಇತ್ತು, ಆದರೆ ದಿನ ಬುಧವಾರ, ಹೊತ್ತು ಹನ್ನೆರಡು. ಎಲ್ಲ ಸರಿಯಾಗಿ ಕೂಡಿಬಂದಿತ್ತು. ನಾವು ಮಹಡಿ ಹತ್ತಿದೆವು. ಅಧ್ಯಕ್ಷರು ಹುಡುಗನಾಗಿದ್ದಾಗ ಮಲಗುತ್ತಿದ್ದ ಮಂಚದ ಮುಂದೆ ನಿಂತು ವೆಂಡೆಲ್ ಅದರ ಮರ ಯಾವುದು ಎಂದು ವಿಚಾರಿಸುತ್ತಿದ್ದ. ಗ್ರೆಟಾ ಹಿಂದೆ ತಿರುಗಿ ನೋಡಿದಳು.

"ಅಮ್ಮ, ಓಟಿಸ್ ಎಲ್ಲಿ?"

ಮೆಟ್ಟಿಲ ಮೇಲೆ ಇರಲಿಲ್ಲ. ಕರೆದರೆ ಉತ್ತರವಿಲ್ಲ. ವೆಂಡೆಲ್‌ಗೆ ಸಿಟ್ಟು ನೆತ್ತಿಗೇರಿತು.

"ಆ ತೊಟ್ಟಿಲೊಳಗೆ ಹತ್ತಿ ಕೂತಿರ್ತಾನೆ, ನೋಡ್ತಿರು. ಕೈಗೆ ಸಿಗ್ಲಿ."

ತೊಟ್ಟಿಲು ಖಾಲಿ. ಊಟದ ಮೇಜಿನ ಕೆಳಗೂ ಇಲ್ಲ. ಅಡುಗೆಮನೆಗೆ ಕಣ್ಣು ಹಾಯಿಸಿದೆವು, ಹಗ್ಗ ಹಗ್ಗದ ಜಾಗದಲ್ಲೇ ಇತ್ತು. ಇಷ್ಟೆಲ್ಲ ಬೈಸಿಕೊಂಡವನು ಅದನ್ನು ದಾಟಿರಲಾರ ಎಂದುಕೊಂಡೆವು. ಅವನ ಬಟ್ಟೆಯ ಕಾಡೆಮ್ಮೆ ಬೊಂಬೆ ಕಾರಿನಲ್ಲೇ ಉಳಿದಿತ್ತು. ಅದನ್ನು ತರಲು ಹಿಂಬಾಗಿಲಿನಿಂದ ಹೋಗಿರಬೇಕು ಎಂದು ವೆಂಡೆಲ್ ಹೊರಗೆ ಓಡಿದ. ನಾನು ಮುಂಬಾಗಿಲ ಕೋಣೆಯ ದಪ್ಪ ಬಾಗಿಲು ತೆಗೆದೆ.

ಬುಟ್ಟಿಯೊಳಗಿನ ಫೋನುಗಳೆಲ್ಲ ಒಟ್ಟಿಗೆ ಕಿರುಚುತ್ತಿದ್ದವು. ನನ್ನದು, ವೆಂಡೆಲ್‌ನದು, ಶ್ರೀಮತಿ ಕ್ವಿಂಬಿಯವರದು, ಒಂದರ ಮೇಲೊಂದು ನಡುಗುತ್ತಾ ಬುಟ್ಟಿಯನ್ನೇ ಅಲುಗಿಸುತ್ತಿದ್ದವು. ಮೇಲಿದ್ದ ಫೋನಿನ ಗಾಜಿನ ಮೇಲೆ ಒಂದೇ ಸಾಲು: ಸುಂಟರಗಾಳಿ ಕಂಡಿದೆ, ಈಗಲೇ ಆಸರೆ ಪಡೆಯಿರಿ. ನಾನು ಕಿಟಕಿಯ ಪರದೆ ಸರಿಸಿದೆ. ಹೊಲದಾಚೆ ಆಕಾಶ ನೆಲಕ್ಕೆ ಇಳಿದಿತ್ತು. ಅಗಲವಾದ ಕಪ್ಪು ಗೋಡೆ, ತುದಿ ಬುಡ ಒಂದೂ ಕಾಣದು. ದನಗಳು ನಿಂತಿದ್ದ ಮೂಲೆ ಕಾಣುತ್ತಿರಲಿಲ್ಲ.

ಶ್ರೀಮತಿ ಕ್ವಿಂಬಿ ನನ್ನ ಭುಜದ ಹಿಂದೆ ಬಂದು ನಿಂತರು. ಅವರ ದನಿ ಬಹಳ ಮೆತ್ತಗಿತ್ತು.

"ಆಕಾಶ ಕೆಟ್ಟಿರೋ ದಿನ ಟೆಸ್ಟ್ ಮಾಡಲ್ಲ. ಯಾವತ್ತೂ ಮಾಡಲ್ಲ. ಜನ ಹೆದರ್ತಾರೆ ಅಂತ."

ಇದು ನನಗೂ ಗೊತ್ತಿತ್ತು. ವೆಂಡೆಲ್‌ಗೂ ಗೊತ್ತಿತ್ತು. ಬಯಲಿನಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತಿರುತ್ತದೆ. ಹೊಟ್ಟೆಗೆ ಅನ್ನ ತಿನ್ನುವ ನಮ್ಮ ಬುದ್ಧಿ ಎಲ್ಲಿ ಹೋಗಿತ್ತೋ ಕಾಣೆ.

ನಾನು ಗ್ರೆಟಾಳ ಕೈ ಹಿಡಿದು ಓಟಿಸ್‌ನ ಹೆಸರು ಕೂಗುತ್ತಾ ಅಡುಗೆಮನೆಗೆ ಓಡಿದೆ. ಅಲ್ಲಿ ನೆಲಮಾಳಿಗೆಯ ಮೆಟ್ಟಿಲ ಮುಂದೆ ನೆಲದಲ್ಲಿ ಒಂದು ಜೊತೆ ಪುಟ್ಟ ಚಪ್ಪಲಿ, ಅಂಚು ಕೂಡಿಸಿ ನೀಟಾಗಿ ಇಟ್ಟಿತ್ತು. ಮೊದಲು ಬಾಗಿಲಲ್ಲಿ ನಿಂತು ಬರೀ ಹಗ್ಗ ನೋಡಿದವರಿಗೆ ಅದು ಕಂಡಿರಲಿಲ್ಲ. ಹಗ್ಗ ದಾಟುವ ತಪ್ಪಿಗೆ ಚಪ್ಪಲಿಯಾದರೂ ಬಿಡೋಣ ಎಂದುಕೊಂಡಿತ್ತೋ ಏನೋ ಕೂಸು. ನಾನು ಹಗ್ಗವನ್ನು ಒಂದು ಕಡೆಯಿಂದ ಕಿತ್ತು ಕೆಳಗಿಳಿದೆ.

ಗೋಡೆಯ ಬುಡದಲ್ಲಿ ಅವನು ಶಿಶುವಿಹಾರದಲ್ಲಿ ಕಲಿಸಿದ ಹಾಗೆ ಮೊಣಕಾಲೂರಿ, ಹಣೆ ನೆಲಕ್ಕೆ ಮುಟ್ಟಿಸಿ, ಎರಡೂ ಕೈಯನ್ನು ಕುತ್ತಿಗೆಯ ಮೇಲೆ ಹೆಣೆದು ಕೂತಿದ್ದ.

"ನಾನು ಕರೆದಾಗ ಯಾಕೋ ಓಗೊಡಲಿಲ್ಲ?"

"ಸೈರನ್ ಆದಾಗ ಮಾತಾಡ್ಬಾರ್ದು. ಮಿಸ್ ಡೋರ್ಸಿ ಹೇಳಿದಾರೆ. ಅಪ್ಪ ಬೈತಾರಾ?"

"ಇಲ್ಲ ಕಂದ. ಯಾರೂ ಬೈಯಲ್ಲ."

ಗ್ರೆಟಾ, ಶ್ರೀಮತಿ ಕ್ವಿಂಬಿ ಇಬ್ಬರೂ ಇಳಿದು ಬಂದರು. ಮುದುಕಿಯ ಲಂಗ ಮೆಟ್ಟಿಲಿಗೆ ಸಿಕ್ಕಿ ಹರಿಯಿತು. ಮೇಲೆ ಮನೆ ಮುಲುಗಲು ಶುರುಮಾಡಿತ್ತು, ಎಲ್ಲ ಕಡೆಯಿಂದಲೂ ಯಾರೋ ಅದನ್ನು ಹಿಂಡುತ್ತಿರುವಂತೆ. ನನ್ನ ಕಿವಿ ಗಪ್ಪೆಂದು ಕಟ್ಟಿಕೊಂಡಿತು.

"ಅಪ್ಪ ಮೇಲಿದಾರೆ," ಎಂದಳು ಗ್ರೆಟಾ. ನನ್ನ ತೋಳು ಜಗ್ಗಿದಳು. "ಅಮ್ಮ, ಅಪ್ಪ ಓಟಿಸ್‌ನ ಹುಡುಕ್ತಾ ಹೊರಗಿದಾರೆ."

ನಾನು ಮೆಟ್ಟಿಲ ಅರ್ಧ ಹತ್ತಿ ಅವನ ಹೆಸರು ಕೂಗಿದೆ. ನನ್ನ ದನಿ ನನಗೇ ಕೇಳಲಿಲ್ಲ. ಮೇಲೆ ಹೋದರೆ ಮಕ್ಕಳು ಒಂಟಿ, ಹೋಗದಿದ್ದರೆ ಅವನು ಒಂಟಿ. ಕಾಲು ಎರಡೂ ಕಡೆಗೆ ಎಳೆಯುತ್ತಿತ್ತು. ಅಷ್ಟರಲ್ಲಿ ಹಿಂಬಾಗಿಲು ಗೋಡೆಗೆ ಬಡಿಯಿತು. ವೆಂಡೆಲ್ ಕೈಕಾಲೂರಿ ತೆವಳುತ್ತಾ ಅಡುಗೆಮನೆಗೆ ಬಂದ. ಕನ್ನಡಕವಿಲ್ಲ, ಹಣೆಯಲ್ಲಿ ರಕ್ತ, ಕಂಕುಳಲ್ಲಿ ಒದ್ದೆಯಾದ ಬಟ್ಟೆಯ ಕಾಡೆಮ್ಮೆ.

"ಕಾರಲ್ಲಿಲ್ಲ ಕೋರಾ, ಅವನು ಕಾರಲ್ಲಿಲ್ಲ, ನಾನು ಎಲ್ಲಾ ಕಡೆ—"

"ಇಲ್ಲಿದಾನೆ. ಇಳಿ. ಇಳಿ ಅಂದೆ."

ಅವನ ಅಂಗಿ ಹಿಡಿದು ಕೆಳಕ್ಕೆ ಎಳೆದೆ. ನಾವಿಬ್ಬರೂ ಉರುಳಿಬಿದ್ದು ಮಕ್ಕಳ ಮೇಲೆ ಮೈ ಹಾಸಿದೆವು. ಆಮೇಲೆ ಬಂದದ್ದನ್ನು ಸದ್ದು ಎನ್ನಲಾರೆ. ನೆಲವೇ ಹಲ್ಲು ಕಡಿದ ಹಾಗಿತ್ತು. ಮೊಳೆಗಳು ಮರದಿಂದ ಕಿತ್ತು ಬರುವುದು, ಗಾಜು, ಇಟ್ಟಿಗೆ, ಮತ್ತೆ ಬಾಯಿಗೆಲ್ಲ ಮಣ್ಣು. ನಾನು ದೇವರನ್ನು ನೆನೆಯಲಿಲ್ಲ, ಮಕ್ಕಳ ಬೆನ್ನು ಏರಿಳಿಯುತ್ತಿದೆಯೇ ಎಂದು ಮಾತ್ರ ಕೈಯಿಂದ ನೋಡುತ್ತಿದ್ದೆ.

ನಿಂತಾಗ ಥಟ್ಟನೆ ನಿಂತಿತು. ಮೆಟ್ಟಿಲ ತುದಿಯಲ್ಲಿ ಅಡುಗೆಮನೆಯ ಮಾಡು ಇರಬೇಕಾದಲ್ಲಿ ಬೂದು ಆಕಾಶವಿತ್ತು. ಮಹಡಿ, ಮಂಚ, ತೊಟ್ಟಿಲು, ಪರದೆಗಳು ಯಾವುದೂ ಇರಲಿಲ್ಲ. ಕೆಂಪು ಹಗ್ಗದ ಒಂದು ತುಂಡು ಮಾತ್ರ ಕೊಂಡಿಯಿಂದ ನೇತಾಡುತ್ತಿತ್ತು. ಶ್ರೀಮತಿ ಕ್ವಿಂಬಿ ತಲೆಯ ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡು ಅತ್ತರು. ಆ ಮನೆಯಲ್ಲಿ ಅವರ ಅರ್ಧ ಆಯುಸ್ಸು ಕಳೆದಿತ್ತು. ಗ್ರೆಟಾ ಅವರ ಮಂಡಿಯ ಮೇಲೆ ಕೈಯಿಟ್ಟು ಕೂತಳು.

ಓಟಿಸ್ ಮಾತ್ರ ಕೂತ ಹಾಗೇ ಕೂತಿದ್ದ, ಹಣೆ ನೆಲಕ್ಕೆ, ಕೈ ಕುತ್ತಿಗೆಗೆ. ವೆಂಡೆಲ್ ಅವನ ಬೆನ್ನು ಸವರಿದ.

"ಏಳು ಪುಟ್ಟ. ಮುಗೀತು. ಎಲ್ಲಾ ಮುಗೀತು."

"ಯಾರು ಹೇಳಿದ್ರು?"

"ನಾನು ಹೇಳ್ತಿ..." ಎಂದವನು ಅಲ್ಲಿಗೇ ನಿಲ್ಲಿಸಿದ.

ಓಟಿಸ್ ತಲೆ ಎತ್ತಲಿಲ್ಲ. ನೆಲಕ್ಕೇ ಬಾಯಿಟ್ಟು ನನ್ನನ್ನು ಕೇಳಿದ. "ಅಮ್ಮ, ಮುಗೀತಾ?"

ಹುಡುಗ ಅಪ್ಪನನ್ನು ಬಿಟ್ಟು ನನ್ನನ್ನು ಕೇಳಿದ್ದು ಅದೇ ಮೊದಲು. ಗಂಡನ ಮುಖ ನೋಡಿದೆ. ಅವನು ಏಟು ತಿಂದವನ ಹಾಗೆ ಕಾಣುತ್ತಿದ್ದ. ಎಷ್ಟೋ ವರ್ಷದಿಂದ ಆ ಮಾತು ಒಂದು ದಿನ ಮುರಿದುಬೀಳಲಿ ಎಂದು ಬಯಸಿದವಳು ನಾನು. ಈಗ ಮುರಿದುಬಿದ್ದಾಗ ನನಗೆ ಬರೀ ಭಯವಾಯಿತು.

ನಾನು ಬಾಯಿ ತೆರೆಯುವ ಮೊದಲೇ ಊರ ಕಡೆಯಿಂದ ಸೈರನ್ ಮತ್ತೆ ಎದ್ದಿತು. ಮೊದಲಿನದ್ದೇ ಸದ್ದು, ಮೆಲ್ಲನೆ ಏರಿ, ಅಲ್ಲೇ ನಿಂತಿತು. ಈಗ ನಮ್ಮ ತಲೆಯ ಮೇಲೆ ಮನೆ ಇರಲಿಲ್ಲ, ಹಾಗಾಗಿ ಅದು ಬಹಳ ಹತ್ತಿರದಲ್ಲಿ ಕೇಳಿತು. ಬೂದು ಆಕಾಶದ ಒಂದು ಅಂಚಿನಲ್ಲಿ ಮತ್ತೆ ಆ ಹಸಿರು ಹಳದಿ ಬಣ್ಣ ಹರಡುತ್ತಿತ್ತು.

"ಅಪ್ಪಾ," ಎಂದ ಓಟಿಸ್. "ಇದು ಯಾವ್ದು?"

ವೆಂಡೆಲ್ ಮೇಲೆ ನೋಡಿದ, ನನ್ನನ್ನು ನೋಡಿದ.

"ಗೊತ್ತಿಲ್ಲ ಮಗಾ," ಎಂದ.

ಆಮೇಲೆ ಅವನು ಮಗನ ಪಕ್ಕದಲ್ಲಿ ಮೊಣಕಾಲೂರಿ, ಬೆನ್ನು ಬಗ್ಗಿಸಿ, ಎರಡೂ ಕೈಯನ್ನು ಕುತ್ತಿಗೆಯ ಮೇಲೆ ಹೆಣೆದುಕೊಂಡ. ಓಟಿಸ್ ಓರೆಗಣ್ಣಿನಲ್ಲಿ ನೋಡಿದ. ತನ್ನ ಒಂದು ಕೈ ಬಿಡಿಸಿ ಅಪ್ಪನ ತಲೆಯ ಮೇಲಿಟ್ಟು ಕೆಳಕ್ಕೆ ಒತ್ತಿದ.

"ಇನ್ನೂ ಕೆಳಗೆ ಅಪ್ಪ," ಎಂದ. "ನೆಲ ಮುಟ್ಬೇಕು."