ಸೊಸೆಯ ಸೆರಗು

ಹುನ್ನೂರಿನ ಇಂದ್ರವ್ವನಿಗೆ ಸೊಸೆ ಮಂಗಲಾಳ ಸೆರಗಿನದೇ ದೊಡ್ಡ ಹೆಮ್ಮೆ. "ಈಗಿನ ಕಾಲದಾಗ ಯಾರ ಸೊಸಿ ಹಿಂಗ ತಲಿತುಂಬ ಸೆರಗ ಹೊತಗೋತಾಳ ಹೇಳ್ರಿ?" ಎಂದು ಓಣಿತುಂಬ ಹೇಳಿಕೊಂಡು ತಿರುಗುತ್ತಿದ್ದಳು. ಎದುರುಮನೆಯ ತಾಯವ್ವನಿಗಂತೂ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

ಒಂದು ಮುಂಜಾನೆ ಆ ಸೆರಗು ಬಾಗಿಲ ಚಿಲಕಕ್ಕೆ ಸಿಕ್ಕಿ ಜಾರಿತು. ಮಂಗಲಾಳ ತಲೆಯಲ್ಲಿ ಮೂರು ಕಡೆ ಒಂದು ಕೂದಲೂ ಇರಲಿಲ್ಲ. ಇಂದ್ರವ್ವ ಕೈಯಲ್ಲಿದ್ದ ನೀರಿನ ಚರಿಗೆ ಕೆಳಗಿಟ್ಟಳು.

"ಯಾವಾಗಿಂದ?"

"ಎಂಟ ತಿಂಗಳಾತ್ರಿ ಅತ್ತಿ. ನೀವು ಓಣ್ಯಾಗೆಲ್ಲಾ ನನ್ನ ಸೆರಗ ಹೊಗಳಾಕತ್ತಿದ್ರಿ. ಹೆಂಗ ಹೇಳ್ಲಿ?"

ಗಂಡನಿಗೂ ಆಣೆ ಹಾಕಿ ಬಾಯಿ ಮುಚ್ಚಿಸಿದ್ದಳಂತೆ. ಇಂದ್ರವ್ವನಿಗೆ ನಾಚಿಕೆಯಾಯಿತು. ಹುಡುಗಿ ಒಳಗೆ ಒಬ್ಬಳೇ ಅಳುತ್ತಿದ್ದಾಗ ತಾನು ಹೊರಗೆ ನಿಂತು ಜಂಬ ಕೊಚ್ಚಿದ್ದಳು.

ಮರುದಿನವೇ ಇಬ್ಬರೂ ಬಸ್ಸು ಹತ್ತಿ ಜಮಖಂಡಿಗೆ ಹೋದರು. ಚರ್ಮದ ಡಾಕ್ಟರ್ ಪ್ರತಿಮಾ ಭೂತಗನ್ನಡಿ ಹಿಡಿದು ನೆತ್ತಿಯನ್ನೆಲ್ಲ ನೋಡಿದರು.

"ಬೇರು ಸತ್ತಿಲ್ಲ. ರಕ್ತ ತಗದು ಯಂತ್ರದಾಗ ತಿರುಗಿಸಿ, ಮ್ಯಾಲೆ ಬರೋ ಹಳದಿ ನೀರು ಸೂಜೀಲೆ ನೆತ್ತಿಗೆ ಕೊಡತೀನಿ. ಹೊಸ ಚಿಕಿತ್ಸೆ ಐತಿ, ಖಾತ್ರಿ ಕೊಡಂಗಿಲ್ಲ. ಕೆಲವರಿಗೆ ಬರತಾವ, ಕೆಲವರಿಗೆ ಇಲ್ಲ."

ಸಂತೆಯಲ್ಲಿ ಎಣ್ಣೆ ಮಾರುವವರೆಲ್ಲ ಹದಿನೈದೇ ದಿನದಲ್ಲಿ ಕೂದಲು ಖಾತ್ರಿ ಎನ್ನುತ್ತಿದ್ದರು. ಖಾತ್ರಿ ಇಲ್ಲವೆಂದ ಈಯಮ್ಮನ ಮೇಲೆಯೇ ಇಂದ್ರವ್ವನಿಗೆ ನಂಬಿಕೆ ಬಂತು. ತೋಳು ಚಾಚಿದಳು.

"ನನ್ನ ರಕ್ತ ತಗೋರಿ. ಆಕಿ ಬಡಕಿ ಅದಾಳ."

ಡಾಕ್ಟರು ನಕ್ಕರು. "ನಿಮ್ಮದು ನಡಿಯಂಗಿಲ್ಲ ಅವ್ವಾರ. ಆಕಿ ರಕ್ತಾನ ಆಕಿಗೆ ಔಷಧ."

ಯಂತ್ರ ನಿಂತಾಗ ಗಾಜಿನ ನಳಿಕೆಯಲ್ಲಿ ಕೆಂಪು ಕೆಳಗಿಳಿದು, ಮೇಲೆ ಕಾಯಿಸಿದ ತುಪ್ಪದ ಬಣ್ಣದ ನೀರು ನಿಂತಿತ್ತು. ಮದ್ದನ್ನು ಮೈಯೊಳಗೇ ಇಟ್ಟುಕೊಂಡು ಹುಡುಗಿ ಇಷ್ಟು ದಿನ ಮುಖ ಬಾಡಿಸಿಕೊಂಡಿದ್ದಳಲ್ಲ ಎಂದು ಇಂದ್ರವ್ವ ಬೆರಗಾದಳು.

ತಿಂಗಳಿಗೊಂದರಂತೆ ಮೂರು ಸಲ ಸೂಜಿ ಆಯಿತು. ನಾಲ್ಕನೆಯ ತಿಂಗಳು ಎರಡು ಕಡೆ ಬೆಕ್ಕಿನ ಮರಿಯ ಮೈಯಂತೆ ನವಿರಾದ ಬಿಳಿ ಕೂದಲು ಮೂಡಿತು. ಮೂರನೆಯದು ಬೋಳಾಗಿಯೇ ಉಳಿಯಿತು.

ಆ ಭಾನುವಾರ ಇಂದ್ರವ್ವ ಎಣ್ಣೆಯ ಬಟ್ಟಲು ಹಿಡಿದು ಹೊರಗಿನ ಕಟ್ಟೆಯ ಮೇಲೆ ಕೂತು ಸೊಸೆಯನ್ನು ಕರೆದಳು. ಮಂಗಲಾ ಹೊಸಿಲಲ್ಲಿ ತುಸು ಹಿಂಜರಿದಳು. ಆಮೇಲೆ ಬಂದು ಕೂತು, ತಾನೇ ಸೆರಗು ಇಳಿಸಿದಳು.

ತಾಯವ್ವ ಬಾಗಿಲಿಗೆ ಬಂದಳು. "ಏನಬೇ ಇಂದ್ರವ್ವಾ, ಸೊಸಿ ತಲಿಮ್ಯಾಲಿನ ಸೆರಗ ಎಲ್ಲಿ ಹೋತು?"

"ನಾನ ತಗಿ ಅಂದೇನಿ. ಬಾ, ಕೈ ಇಟ್ಟ ನೋಡು, ಎಷ್ಟ ಛಲೋ ಬಂದಾವ."

ತಾಯವ್ವನ ಕಣ್ಣು ಬೋಳಾಗಿದ್ದ ಕಡೆಗೇ ಹೋಯಿತು. ಮಂಗಲಾಳ ಕೈ ಸೆರಗಿಗೆ ಹೋಯಿತು. ಇಂದ್ರವ್ವ ಆ ಕೈಯನ್ನು ಮೆಲ್ಲಗೆ ಹಿಡಿದು ಅವಳ ಮಡಿಲಲ್ಲಿಟ್ಟು, ಆ ಬೋಳು ಜಾಗಕ್ಕೂ ಎಣ್ಣೆ ಹಚ್ಚಿದಳು.